ಗರಗಸಕ್ಕೆ ಸಿಕ್ಕ ಆಟಿಕೆ ಎಂಜಿನ್

1902ರಲ್ಲಿ ಇಂಗ್ಲೆಂಡಿನ ಸ್ವಿಂಡನ್ ವರ್ಕ್‌ಶಾಪಿನಲ್ಲಿ ಗ್ರೇಟ್ ವೆಸ್ಟರ್ನ್ ರೈಲ್ವೆ ಒಂದು ಪುಟ್ಟ ಉಗಿ ಎಂಜಿನ್ ಕಟ್ಟಿತು. ನಾಲ್ಕೇ ಚಕ್ರ, ನಂಬರ್ 101. ಕಲ್ಲಿದ್ದಲ ಬದಲು ಎಣ್ಣೆ ಉರಿಸಿ ಎಂಜಿನ್ ಓಡಿಸಬಹುದೇ ಎಂದು ನೋಡುವ ಪ್ರಯೋಗ ಅದು. ಅದೇ ಮಾದರಿಯ ಎರಡನೆಯ ಎಂಜಿನ್ ಹುಟ್ಟಲೇ ಇಲ್ಲ. 1911ರಲ್ಲಿ ಇದ್ದ ಒಂದನ್ನೂ ಗುಜರಿಗೆ ಹಾಕಿದರು. ಹೀಗೆ ಒಂಬತ್ತೇ ವರ್ಷ ಬದುಕಿದ ಈ ಎಂಜಿನ್ನಿನ ಸಾವಿರಾರು ಪ್ರತಿಗಳು ಇಂದು ಬ್ರಿಟನ್ನಿನ ಮನೆಗಳ ಅಟ್ಟದ ಪೆಟ್ಟಿಗೆಗಳಲ್ಲಿ, ಹಳೆ ಸಾಮಾನಿನ ಅಂಗಡಿಗಳಲ್ಲಿ, ಮಾದರಿ ರೈಲು ಪ್ರದರ್ಶನಗಳ ಸೆಕೆಂಡ್‌ಹ್ಯಾಂಡ್ ಮೇಜುಗಳ ಮೇಲೆ ಸಿಗುತ್ತವೆ. ಹಾರ್ನ್‌ಬಿ ಕಂಪನಿ 1970ರ ದಶಕದ ಕೊನೆಯ ಹೊತ್ತಿಗೆ ಇದನ್ನು ಪ್ಲಾಸ್ಟಿಕ್ಕಿನಲ್ಲಿ ಅಚ್ಚು ಹಾಕಿ ಮಕ್ಕಳ ರೈಲು ಸೆಟ್‌ಗಳಿಗೆ ಸೇರಿಸಿತು. ಆಮೇಲೆ ಅದೇ ಅಚ್ಚಿಗೆ ಹಸಿರು, ಕೆಂಪು, ನೀಲಿ, ಕಪ್ಪು ಎಂದು ನಾನಾ ಬಣ್ಣ ಬಂತು. ನಾನಾ ಕಂಪನಿಗಳ ಹೆಸರೂ ಅದರ ಮೇಲೆ ಕೂತಿತು.

ಇದರ ಜೊತೆಗಾರ ‘ಸ್ಮೋಕಿ ಜೋ’. ಗ್ಲಾಸ್ಗೋದ ಸೇಂಟ್ ರೋಲಾಕ್ಸ್ ವರ್ಕ್‌ಶಾಪಿನಲ್ಲಿ ಶಂಟಿಂಗ್ ಮಾಡಿಕೊಂಡಿದ್ದ 56025 ನಂಬರಿನ ಎಂಜಿನ್ನಿನ ಮಾದರಿ. ಹಾರ್ನ್‌ಬಿಯ ಪಟ್ಟಿಯಲ್ಲಿ ಈ ಎರಡೂ ಸದಾ ತೀರ ಅಗ್ಗದ ಸಾಲಿನಲ್ಲಿಯೇ ಇದ್ದವು. ದುಬಾರಿ ಮಾದರಿಗಳ ಸಂಗ್ರಾಹಕರು ಇವುಗಳ ಕಡೆ ತಿರುಗಿ ನೋಡುವುದು ಕಡಿಮೆ. ಆದರೆ ಮಾದರಿ ರೈಲಿನ ಕರಕುಶಲತೆ ಎಲ್ಲಿ ಜೀವಂತವಾಗಿದೆ ಎಂದು ಹುಡುಕುತ್ತ ಹೋದವರು ಕೊನೆಗೆ ಬಂದು ನಿಲ್ಲುವುದು ಈ ಅಗ್ಗದ ಎಂಜಿನ್ನುಗಳ ಮುಂದೆಯೇ. ಕಾರಣ ಸರಳ: ಇವುಗಳ ಮೇಲೆ ಗರಗಸ ಇಡಲು ಯಾರ ಕೈಯೂ ನಡುಗುವುದಿಲ್ಲ.

ಫ್ರಾಂಕ್ ಹಾರ್ನ್‌ಬಿ ಲಿವರ್‌ಪೂಲಿನವನು. 1901ರಲ್ಲಿ ಮೆಕ್ಯಾನೊ ಎಂಬ ಜೋಡಣೆಯ ಆಟಿಕೆಗೆ ಪೇಟೆಂಟ್ ಪಡೆದ, 1920ರಲ್ಲಿ ಅವನ ಕಂಪನಿ ಆಟಿಕೆ ರೈಲಿಗೆ ಕೈ ಹಾಕಿತು. 1938ರಲ್ಲಿ ‘ಹಾರ್ನ್‌ಬಿ ಡಬ್ಲೋ’ ಹೆಸರಿನಲ್ಲಿ ಓಓ ಅಳತೆಯ ರೈಲುಗಳು ಬಂದವು. 1964ರಲ್ಲಿ ಟ್ರಯಾಂಗ್ ಬ್ರ್ಯಾಂಡಿನ ಒಡೆಯರಾದ ಲೈನ್ಸ್ ಬ್ರದರ್ಸ್ ಈ ಕಂಪನಿಯನ್ನು ಕೊಂಡರು. ಅಲ್ಲಿಂದ ಮುಂದೆ ಹಾರ್ನ್‌ಬಿ ಎಂದರೆ ಕೆಂಟ್ ಪ್ರಾಂತ್ಯದ ಮಾರ್ಗೇಟ್ ಎಂಬಂತಾಯಿತು. ಈಗ ತಯಾರಿಕೆ ಬಹುಪಾಲು ಚೀನಾದಲ್ಲಿ.

ಓಓ ಎಂದರೆ ನಿಜದ ಒಂದು ಅಡಿಗೆ ಮಾದರಿಯಲ್ಲಿ 4 ಮಿ.ಮೀ., ಹೆಚ್ಚುಕಡಿಮೆ 1:76. ಹಳಿಯ ಅಗಲ ಮಾತ್ರ 16.5 ಮಿ.ಮೀ.; ಲೆಕ್ಕ ಹಾಕಿದರೆ ಇದು ತುಸು ಕಿರಿದು. ಬ್ರಿಟನ್ನಿನ ಎಂಜಿನ್ನುಗಳು ಯುರೋಪಿನವಕ್ಕಿಂತ ಚಿಕ್ಕವು. ಯುರೋಪಿನ ಎಚ್‌ಓ ಅಳತೆಯಲ್ಲಿ ಅವನ್ನು ಮಾಡಿದರೆ ಆಗಿನ ಕಾಲದ ಮೋಟರ್ ಒಳಗೆ ಹಿಡಿಯುತ್ತಿರಲಿಲ್ಲ. ಹಾಗಾಗಿ ಹಳಿಯನ್ನು ಎಚ್‌ಓದಲ್ಲೇ ಉಳಿಸಿಕೊಂಡು ಬಾಡಿಯನ್ನು ದೊಡ್ಡದು ಮಾಡಿದರು. ಆ ರಾಜಿ ಇಂದಿಗೂ ಮುಂದುವರಿದಿದೆ.

ಅಗ್ಗದ ಎಂಜಿನ್ನಿನ ದೋಷಗಳನ್ನು ಮರೆಮಾಚುವುದು ಬೇಡ. ಮೋಟರ್‌ಗೆ ಕರೆಂಟು ಕೊಟ್ಟ ತಕ್ಷಣ ಅದು ಶಂಟಿಂಗ್ ಎಂಜಿನ್ ಎಂಬುದನ್ನೇ ಮರೆತು ಎಕ್ಸ್‌ಪ್ರೆಸ್ಸಿನಂತೆ ಹಾರುತ್ತದೆ. ಹಿಡಿಕೆ ಸರಳುಗಳು ಬಾಡಿಗೇ ಅಂಟಿದ ಉಬ್ಬುಗಳು, ಅವುಗಳ ಹಿಂದೆ ಸೂಜಿಯನ್ನೂ ತೂರಿಸಲಾಗದು. ಮೈ ಹಗುರ, ಹಾಗಾಗಿ ನಾಲ್ಕು ವ್ಯಾಗನ್ ಕಟ್ಟಿದರೆ ಚಕ್ರ ಜಾರುತ್ತದೆ. ನಾಲ್ಕೇ ಚಕ್ರಗಳಿಂದ ಕರೆಂಟು ಎತ್ತಿಕೊಳ್ಳಬೇಕಾದ್ದರಿಂದ, ಹಳಿ ಕವಲೊಡೆಯುವ ಪಾಯಿಂಟ್ಸ್‌ನ ಪ್ಲಾಸ್ಟಿಕ್ ತುಂಡಿನ ಮೇಲೆ ನಿಧಾನವಾಗಿ ಹೋದರೆ ಅಲ್ಲೇ ನಿಂತುಬಿಡುತ್ತದೆ. ಹವ್ಯಾಸಿಯ ಕೆಲಸ ಶುರುವಾಗುವುದು ಈ ಪಟ್ಟಿಯಿಂದ.

ಮೊದಲು ತಳದ ಸ್ಕ್ರೂ ಬಿಚ್ಚಿ ಬಾಡಿಯನ್ನೂ ಚಾಸಿಯನ್ನೂ ಬೇರೆ ಮಾಡುತ್ತಾರೆ. ಅಕ್ಷರಗಳನ್ನಷ್ಟೇ ತೆಗೆಯಬೇಕಿದ್ದರೆ ಕಾರಿನ ಬಣ್ಣ ಉಜ್ಜುವ ಪಾಲಿಷಿನಲ್ಲಿ ಹತ್ತಿ ಅದ್ದಿ ಮೆಲ್ಲಗೆ ತಿಕ್ಕಿದರೆ ಸಾಕು. ಪೂರ್ತಿ ಬಣ್ಣ ಹೋಗಬೇಕಿದ್ದರೆ ಐಸೊಪ್ರೊಪೈಲ್ ಆಲ್ಕೋಹಾಲಿನಲ್ಲಿ ನೆನೆಹಾಕಿ ಹಳೆ ಟೂತ್‌ಬ್ರಶ್ಶಿನಿಂದ ಉಜ್ಜುವುದು ವಾಡಿಕೆ. ಡೆಟಾಲ್ ಬಳಸುವವರೂ ಇದ್ದಾರೆ. ಆಮೇಲೆ ಚಾಕು. ಉಬ್ಬಿದ ಹಿಡಿಕೆಗಳನ್ನು ಕೆತ್ತಿ ತೆಗೆದು, ಅರ್ಧ ಮಿ.ಮೀ. ದಪ್ಪದ ಡ್ರಿಲ್‌ನಿಂದ ತೂತು ಕೊರೆದು, ಹಿತ್ತಾಳೆ ತಂತಿಯ ಹಿಡಿಕೆ ಕೂರಿಸುತ್ತಾರೆ. ಇಷ್ಟು ಮಾಡಿದರೇ ಎಂಜಿನ್ನಿನ ಮುಖಲಕ್ಷಣ ಬದಲಾಗುತ್ತದೆ. ಧೈರ್ಯ ಹೆಚ್ಚಿದವರು ಚಾಲಕನ ಕ್ಯಾಬಿನ್ನನ್ನೇ ಕತ್ತರಿಸಿ ಪ್ಲಾಸ್ಟಿಕಾರ್ಡ್ ಹಾಳೆಯಿಂದ ಬೇರೆ ಕಟ್ಟುತ್ತಾರೆ, ಚಿಮಣಿ ಉದ್ದ ಮಾಡುತ್ತಾರೆ, ಪಕ್ಕದ ನೀರಿನ ಟ್ಯಾಂಕುಗಳನ್ನು ಗಿಡ್ಡ ಮಾಡುತ್ತಾರೆ. ಕಿಲ್ಮಾರ್ನಕ್‌ನ ಆಂಡ್ರ್ಯೂ ಬಾರ್ಕ್ಲೇ, ಬ್ರಿಸ್ಟಲ್‌ನ ಪೆಕೆಟ್, ಲೀಡ್ಸ್‌ನ ಹನ್ಸ್‌ಲೆಟ್ ಮುಂತಾದ ಕಾರ್ಖಾನೆಗಳು ಗಣಿ, ಬಂದರು, ಗ್ಯಾಸ್ ಕಾರ್ಖಾನೆಗಳಿಗೆ ಕಟ್ಟಿಕೊಟ್ಟ ಸಣ್ಣ ಎಂಜಿನ್ನುಗಳ ಫೋಟೋಗಳು ಇವರಿಗೆ ಪಠ್ಯಪುಸ್ತಕ.

ತೂಕ ಹೆಚ್ಚಿಸಲು ಬಾಡಿಯ ಒಳಗಿನ ಖಾಲಿ ಜಾಗಕ್ಕೆ ಸೀಸ ತುಂಬುವುದುಂಟು. ಇಲ್ಲಿ ಹೊಸಬರಿಗೆ ಹಳಬರು ಮೊದಲು ಹೇಳುವ ಎಚ್ಚರಿಕೆಯೊಂದಿದೆ: ಸೀಸದ ಗುಂಡುಗಳನ್ನು ಬಿಳಿ ಪಿವಿಎ ಅಂಟಿನಲ್ಲಿ ಕೂರಿಸಬಾರದು. ಅಂಟಿನಿಂದ ಬಿಡುಗಡೆಯಾಗುವ ಆಮ್ಲ ಸೀಸವನ್ನು ನಿಧಾನವಾಗಿ ತಿಂದು ಬಿಳಿ ಪುಡಿಯಾಗಿಸುತ್ತದೆ. ಆ ಪುಡಿಗೆ ಸೀಸಕ್ಕಿಂತ ಹೆಚ್ಚು ಜಾಗ ಬೇಕು. ವರ್ಷಗಳು ಕಳೆದ ಮೇಲೆ ಒಂದು ದಿನ ಬಾಯ್ಲರ್ ಉಬ್ಬಿ ಬಿರಿಯುತ್ತದೆ. ಎಪಾಕ್ಸಿ ಬಳಸಿದರೆ ಈ ಕಾಟವಿಲ್ಲ. ಇನ್ನು ಪಾಯಿಂಟ್ಸ್ ಮೇಲೆ ನಿಲ್ಲುವ ರೋಗಕ್ಕೆ ಒಳ್ಳೆಯ ಮದ್ದೆಂದರೆ, ಒಂದು ವ್ಯಾಗನ್ನನ್ನು ಎಂಜಿನ್‌ಗೆ ಕಾಯಂ ಜೋಡಿಸಿ ಅದರ ಚಕ್ರಗಳಿಂದಲೂ ಕರೆಂಟು ಎತ್ತಿಕೊಳ್ಳುವುದು. ಎಂಟು ಚಕ್ರಗಳ ಪೈಕಿ ಒಂದೆರಡು ಕೈಕೊಟ್ಟರೂ ಗಾಡಿ ನಡೆಯುತ್ತದೆ.

ಬಣ್ಣದ ವಿಷಯಕ್ಕೆ ಬಂದರೆ ಗಣಿತವನ್ನು ಮರೆಯುವಂತಿಲ್ಲ. ಮಾದರಿಯ ಮೇಲೆ ಬಣ್ಣದ ಪದರ 0.1 ಮಿ.ಮೀ. ದಪ್ಪವಾದರೂ, ನಿಜವಾದ ಎಂಜಿನ್‌ಗೆ ಏಳೂವರೆ ಮಿ.ಮೀ. ದಪ್ಪದ ಬಣ್ಣ ಮೆತ್ತಿದಂತಾಯಿತು. ರಿವೆಟ್ಟುಗಳೆಲ್ಲ ಅದರಡಿ ಹೂತುಹೋಗುತ್ತವೆ. ಅದಕ್ಕೇ ಗೋಡೆಗೆ ಸುಣ್ಣ ಬಳಿದಂತೆ ಒಂದೇ ಸಲ ಬಳಿಯುವುದಿಲ್ಲ. ತೆಳುವಾದ ಬೂದು ಪ್ರೈಮರ್, ಅದರ ಮೇಲೆ ನೀರಿನಂತೆ ತಿಳಿಮಾಡಿದ ಬಣ್ಣ, ಪ್ರತಿ ಪದರ ಪೂರ್ತಿ ಒಣಗಿದ ಮೇಲೆ ಇನ್ನೊಂದು. ತಿಳಿ ಬಣ್ಣ ಮೊದಲು, ಗಾಢ ಬಣ್ಣ ಆಮೇಲೆ. ಏರ್‌ಬ್ರಶ್ ಇದ್ದರೆ ಒಳ್ಳೆಯದು, ಇಲ್ಲದವರು ಕಾರಿನ ಸ್ಪ್ರೇ ಕ್ಯಾನಿನಲ್ಲೇ ಚೆನ್ನಾಗಿ ಮಾಡುತ್ತಾರೆ. ಹಂಬ್ರಾಲ್‌ನ ಬಣ್ಣದ ಚಿಕ್ಕ ತಗಡಿನ ಡಬ್ಬಿ ಮತ್ತು ಒಂದು ಒಳ್ಳೆಯ ಕುಂಚದಲ್ಲೇ ಜೀವಮಾನ ಕಳೆದವರೂ ಇದ್ದಾರೆ.

ಅತ್ಯಂತ ಕಷ್ಟದ ಕೆಲಸ ಗೆರೆ ಎಳೆಯುವುದು. ಉಗಿ ಎಂಜಿನ್ನುಗಳ ಬಾಯ್ಲರ್ ಪಟ್ಟಿಗಳಿಗೆ, ಟ್ಯಾಂಕಿನ ಅಂಚುಗಳಿಗೆ ಸಪೂರ ಗೆರೆಗಳಿರುತ್ತಿದ್ದವು. ನಿಜದಲ್ಲಿ 3 ಮಿ.ಮೀ. ಅಗಲದ ಗೆರೆ ಮಾದರಿಯಲ್ಲಿ 0.04 ಮಿ.ಮೀ. ಆಗಬೇಕು, ಅಷ್ಟು ಸಣ್ಣ ಗೆರೆ ಎಳೆಯುವುದು ಸುಲಭಸಾಧ್ಯವಲ್ಲ. ಎಂಜಿನಿಯರಿಂಗ್ ಡ್ರಾಯಿಂಗಿನ ಹಳೆ ಕಾಲದ ರೂಲಿಂಗ್ ಪೆನ್ನನ್ನು ಕೆಲವರು ಇದಕ್ಕಾಗಿ ಜೋಪಾನವಾಗಿಟ್ಟುಕೊಂಡಿರುತ್ತಾರೆ. ಎರಡು ಉಕ್ಕಿನ ಎಲೆಗಳ ನಡುವೆ ಒಂದು ಹನಿ ಬಣ್ಣ, ಪಕ್ಕದ ತಿರುಪಿನಿಂದ ಅಗಲ ನಿಗದಿ. ಬಣ್ಣ ಗಟ್ಟಿಯಾದರೆ ಇಳಿಯದು, ತೆಳುವಾದರೆ ಹರಡುತ್ತದೆ. ಆ ಹದ ಕೈಗೆ ಹತ್ತುವುದು ಗುಜರಿ ಬಾಡಿಗಳ ಮೇಲೆ ಎಳೆದೆಳೆದೇ. ಇಷ್ಟು ತಾಳ್ಮೆ ಇಲ್ಲದವರಿಗೆ ನೀರಿನಲ್ಲಿ ನೆನೆಸಿ ಅಂಟಿಸುವ ಟ್ರಾನ್ಸ್‌ಫರ್‌ಗಳಿವೆ. ಅವನ್ನು ಹೊಳಪಿನ ಮೈಮೇಲೆಯೇ ಅಂಟಿಸಬೇಕು. ಒರಟು ಮೈಮೇಲೆ ಅಂಟಿಸಿದರೆ ಕೆಳಗೆ ಗಾಳಿ ಸಿಕ್ಕಿಕೊಂಡು ಬೆಳ್ಳಿಯಂತೆ ಮಿನುಗಿ ಗುಟ್ಟು ರಟ್ಟಾಗುತ್ತದೆ.

ಕೊನೆಯ ಹಂತ ಎಂಜಿನ್‌ಗೆ ವಯಸ್ಸು ತರುವುದು. ಗಣಿಯಲ್ಲಿ ದುಡಿಯುವ ಎಂಜಿನ್ ಅಚ್ಚಕಪ್ಪಾಗಿ ಇರುವುದಿಲ್ಲ. ಬೂದು, ಕಂದು, ತುಕ್ಕಿನ ಛಾಯೆಗಳು ಅದರಲ್ಲಿ ಸೇರಿರುತ್ತವೆ. ತೆಳು ಕಂದು ಬಣ್ಣ ಬಳಿದು ತಕ್ಷಣ ಮೇಲಿನಿಂದ ಕೆಳಕ್ಕೆ ಒರೆಸಿದರೆ ಮೂಲೆಗಳಲ್ಲಿ ಕೊಳೆ ಉಳಿಯುತ್ತದೆ, ಮಳೆನೀರು ಇಳಿದ ಗುರುತು ಮೂಡುತ್ತದೆ. ಪ್ಲಾಸ್ಟಿಕ್ ಕಲ್ಲಿದ್ದಲನ್ನು ಕೆತ್ತಿ ತೆಗೆದು ನಿಜವಾದ ಕಲ್ಲಿದ್ದಲನ್ನು ಕುಟ್ಟಿ ಪುಡಿಮಾಡಿ ಅಂಟಿಸುತ್ತಾರೆ. ಬೇರೆ ಯಾವುದೂ ಕಲ್ಲಿದ್ದಲಿನಂತೆ ಕಾಣುವುದಿಲ್ಲ.

ಹೀಗೆ ಕತ್ತರಿಸಿ ಅಂಟಿಸಿದ ಎಂಜಿನ್ ‘ನಿಜವಲ್ಲ’ ಎಂದು ಮೂಗು ಮುರಿಯುವವರು ನಿಜವಾದ ರೈಲ್ವೆಗಳ ಚರಿತ್ರೆಯನ್ನು ಒಮ್ಮೆ ನೋಡಬೇಕು. ಕರ್ನಲ್ ಹೋಲ್ಮನ್ ಫ್ರೆಡ್ ಸ್ಟೀಫನ್ಸ್ (1868–1931) ಕೆಂಟ್‌ನ ಟನ್‌ಬ್ರಿಜ್‌ನಲ್ಲಿ ಆಫೀಸಿಟ್ಟುಕೊಂಡು ಇಂಗ್ಲೆಂಡ್, ವೇಲ್ಸ್‌ಗಳ ಹಲವು ಬಡ ರೈಲುಮಾರ್ಗಗಳನ್ನು ನಡೆಸುತ್ತಿದ್ದ. ಹೊಸ ಎಂಜಿನ್‌ಗೆ ಹಣವಿಲ್ಲ, ಆದ್ದರಿಂದ ದೊಡ್ಡ ರೈಲ್ವೆಗಳು ಬೇಡವೆಂದದ್ದನ್ನು ಕೊಂಡು ರಿಪೇರಿ ಮಾಡಿಸಿ ಓಡಿಸುತ್ತಿದ್ದ. ಅವನ ‘ಗೆಜೆಲ್’ ಎಂಬ ಎಂಜಿನ್ 1893ರಲ್ಲಿ ಕಿಂಗ್ಸ್ ಲಿನ್ ಊರಿನ ಡಾಡ್‌ಮನ್ ಕಂಪನಿ ಒಬ್ಬ ವ್ಯಾಪಾರಿಗೆ ಕಟ್ಟಿಕೊಟ್ಟ ಖಾಸಗಿ ವಾಹನ. 1911ರಲ್ಲಿ ಸ್ಟೀಫನ್ಸ್ ಅದನ್ನು ಕೊಂಡು ಚಕ್ರಗಳ ಜೋಡಣೆಯನ್ನೇ ಬದಲಿಸಿ ಶ್ರಾಪ್‌ಶೈರ್ ಆ್ಯಂಡ್ ಮಾಂಟ್ಗೊಮರಿಶೈರ್ ಮಾರ್ಗದಲ್ಲಿ ದುಡಿಸಿದ. ಈಗ ಅದು ಟೆಂಟರ್ಡನ್‌ನ ಕರ್ನಲ್ ಸ್ಟೀಫನ್ಸ್ ಮ್ಯೂಸಿಯಮ್ಮಿನಲ್ಲಿದೆ. ಹವ್ಯಾಸಿಗಳು ಅಡುಗೆಮನೆ ಮೇಜಿನ ಮೇಲೆ ಮಾಡುವುದನ್ನೇ ಅವನು ಪೂರ್ಣ ಗಾತ್ರದಲ್ಲಿ ಮಾಡಿದ. ಎಲ್ಲೂ ಇಲ್ಲದ ಊರು, ಎಲ್ಲೂ ಇಲ್ಲದ ರೈಲ್ವೆ ಕಲ್ಪಿಸಿ ಅದಕ್ಕೆ ತಕ್ಕ ಎಂಜಿನ್ ಕಟ್ಟುವ ಪರಂಪರೆಯೂ ಹಳೆಯದೇ. ಜಾನ್ ಅಹರ್ನ್ 1930ರ ದಶಕದ ಕೊನೆಯಲ್ಲಿ ಕಟ್ಟಲು ತೊಡಗಿದ ‘ಮ್ಯಾಡರ್ ವ್ಯಾಲಿ’ ಎಂಬ ಮಾದರಿ ರೈಲ್ವೆ ಇಂದು ಆಕ್ಸ್‌ಫರ್ಡ್‌ಶೈರಿನ ಪೆಂಡನ್ ಮ್ಯೂಸಿಯಮ್ಮಿನಲ್ಲಿ ಜೋಪಾನವಾಗಿದೆ.

ಡೀಸೆಲ್ ಎಂಜಿನ್ ಪ್ರಿಯರ ಅಗ್ಗದ ದೇವರು ಇಟಲಿಯ ಲೀಮಾ ಕಂಪನಿ. 1980ರ ದಶಕದಿಂದ ಬ್ರಿಟಿಷ್ ರೈಲ್ ಒಂದೊಂದು ವಿಭಾಗಕ್ಕೆ ಒಂದೊಂದು ಬಣ್ಣ ಕೊಟ್ಟಿತು, 1990ರ ದಶಕದ ಖಾಸಗೀಕರಣದ ನಂತರ ಬಣ್ಣಗಳ ಸಂತೆಯೇ ನೆರೆಯಿತು. ಲೀಮಾ ಬಾಡಿ ಕೊಂಡು ತಮ್ಮ ಊರಿನ ಡಿಪೊದ ಎಂಜಿನ್ನಿನ ಬಣ್ಣ, ನಂಬರು ಹಾಕಿಕೊಂಡವರು ಅಸಂಖ್ಯ. ಲೀಮಾದ ಚಪ್ಪಟೆ ಮೋಟರ್ ಮಾತ್ರ ಗದ್ದಲದ್ದು. ಅದನ್ನು ಕಿತ್ತು, ಕೆಟ್ಟ ಕಂಪ್ಯೂಟರಿನ ಸಿ.ಡಿ. ಡ್ರೈವಿನ ಪುಟ್ಟ ಮೋಟರ್ ಕೂರಿಸುವ ಉಪಾಯ ಯಾರಿಗೆ ಮೊದಲು ಹೊಳೆಯಿತೋ, ಅದು ಬೇಗ ಹಬ್ಬಿತು. ಎಂಜಿನ್ ಮೆತ್ತಗೆ ನಡೆಯತೊಡಗುತ್ತದೆ, ಖರ್ಚು ಹೆಚ್ಚುಕಡಿಮೆ ಏನೂ ಇಲ್ಲ. ಲೀಮಾ ಮುಳುಗಿದ ಮೇಲೆ 2004ರಲ್ಲಿ ಅದರ ಹೆಸರೂ ಅಚ್ಚುಗಳೂ ಹಾರ್ನ್‌ಬಿಯ ಪಾಲಾದವು.

ಮಕ್ಕಳೆಲ್ಲರಿಗೂ ಗೊತ್ತಿರುವ ಥಾಮಸ್ ಎಂಜಿನ್ನಿಗೂ ಇಲ್ಲಿ ಪಾತ್ರವಿದೆ. ಹಾರ್ನ್‌ಬಿ ಮೊದಲು ಮಾಡುತ್ತಿದ್ದದ್ದು ಲಂಡನ್, ಬ್ರೈಟನ್ ಆ್ಯಂಡ್ ಸೌತ್ ಕೋಸ್ಟ್ ರೈಲ್ವೆಯ ‘ಇ2’ ಮಾದರಿ. 1980ರ ದಶಕದಲ್ಲಿ ಆ ಅಚ್ಚನ್ನೇ ತಿದ್ದಿ ಥಾಮಸ್ ಮಾಡಿತು. ನಿಜವಾದ ಇ2ಗಳು 1913ರಿಂದ 1916ರೊಳಗೆ ಹತ್ತೇ ಹತ್ತು ಕಟ್ಟಲ್ಪಟ್ಟವು, 1960ರ ದಶಕದ ಆರಂಭಕ್ಕೆ ಎಲ್ಲವೂ ಗುಜರಿಗೆ ಹೋದವು. ಈಗ ಮುಖ ಸವೆದ, ಬಣ್ಣ ಹೋದ ಹಳೆ ಥಾಮಸ್‌ಗಳನ್ನು ಹುಡುಕಿ ತಂದು, ನಗುಮುಖ ತೆಗೆದು ಹೊಗೆಪೆಟ್ಟಿಗೆಯ ಬಾಗಿಲು ಕೂರಿಸಿ, ಮತ್ತೆ ಇ2 ಮಾಡುವವರಿದ್ದಾರೆ.

ಎಲ್ಲಕ್ಕಿಂತ ಚತುರವಾದ ಉಪಾಯ ಅಳತೆಯನ್ನೇ ಬದಲಿಸುವುದು. 16.5 ಮಿ.ಮೀ. ಹಳಿಯ ಚಾಸಿಯನ್ನು ಹಾಗೇ ಇಟ್ಟುಕೊಂಡು ಮೇಲೆ 1:43.5 ಅಳತೆಯ ದೊಡ್ಡ ಬಾಡಿ ಕೂರಿಸಿದರೆ, ಅದು ಎರಡು ಅಡಿಗಿಂತ ತುಸು ಅಗಲದ ನ್ಯಾರೋ ಗೇಜ್ ಎಂಜಿನ್ ಆಗುತ್ತದೆ. ಬಾಡಿಯನ್ನು ಇನ್ನೂ ದೊಡ್ಡದಾಗಿ 1:24ರ ಸುಮಾರಿಗೆ ಕಟ್ಟಿದರೆ 15 ಇಂಚಿನ ಎಸ್ಟೇಟ್ ರೈಲು. ಸರ್ ಆರ್ಥರ್ ಹೇವುಡ್ ಡರ್ಬಿಶೈರಿನ ಡಫೀಲ್ಡ್ ಬ್ಯಾಂಕ್‌ನಲ್ಲಿ ಹಾಕಿದ್ದ ಹಳಿಯ ಅಳತೆ ಅದು. ಈ ಚಾಸಿಯ ಅಳತೆಗೇ ಹೊಂದುವ ರೆಸಿನ್ ಬಾಡಿಗಳನ್ನು ಮಾರುವ ಸಣ್ಣ ತಯಾರಕರಿದ್ದಾರೆ. 3ಡಿ ಪ್ರಿಂಟರ್ ಬಂದ ಮೇಲೆ ಮನೆಯಲ್ಲೇ ಕುಳಿತು ಬಾಡಿ ಬರೆದು ಮುದ್ರಿಸಿಕೊಳ್ಳುವುದೂ ಸಾಧ್ಯವಾಗಿದೆ.

ಕರ್ನಾಟಕದವರಿಗೂ ಈ ಲೆಕ್ಕ ಉಪಯೋಗಕ್ಕೆ ಬರುತ್ತದೆ. ಯಲಹಂಕದಿಂದ ದೇವನಹಳ್ಳಿ, ನಂದಿ, ಚಿಕ್ಕಬಳ್ಳಾಪುರ, ಕೋಲಾರ ಮಾರ್ಗವಾಗಿ ಬಂಗಾರಪೇಟೆಗೆ ಹೋಗುತ್ತಿದ್ದ ಹಳಿ ಬ್ರಾಡ್ ಗೇಜ್ ಆಗುವ ಮುಂಚೆ ಎರಡೂವರೆ ಅಡಿಯದ್ದು, ಅಂದರೆ 762 ಮಿ.ಮೀ. ಅದನ್ನು 1:43.5ಕ್ಕೆ ಇಳಿಸಿದರೆ 17.5 ಮಿ.ಮೀ. ಆಗುತ್ತದೆ. ಹಾರ್ನ್‌ಬಿಯ 16.5ಕ್ಕೂ ಇದಕ್ಕೂ ಒಂದೇ ಮಿಲಿಮೀಟರಿನ ವ್ಯತ್ಯಾಸ, ಕಣ್ಣಿಗೆ ಗೊತ್ತಾಗದಷ್ಟು. ನಂದಿ ಹಾಲ್ಟ್ ಸ್ಟೇಷನ್ನಿನ ಮಾದರಿ ಕಟ್ಟಿ, ಅದರ ಪಕ್ಕ ಒಂದು ಕಲ್ಪನೆಯ ಸೈಡಿಂಗ್ ಹಾಕಿಕೊಂಡರೆ ಅಲ್ಲಿಗೆ 101ರ ನಾಲ್ಕು ಚಕ್ರದ ಚಾಸಿ ಸಾಕು. ಪ್ಯಾಸೆಂಜರ್ ಗಾಡಿ ಎಳೆಯುವ ಎಂಜಿನ್‌ಗೆ ಹಳೆ ಥಾಮಸ್‌ನ ಆರು ಚಕ್ರದ ಚಾಸಿ ಹುಡುಕಬೇಕು. ಬಾಡಿಯನ್ನಂತೂ ಆ ಮಾರ್ಗದ ಹಳೆ ಫೋಟೋಗಳನ್ನು ಮುಂದಿಟ್ಟುಕೊಂಡು, ಪ್ಲಾಸ್ಟಿಕಾರ್ಡ್ ಹಾಳೆಯಿಂದ ಮೊದಲಿನಿಂದಲೇ ಕಟ್ಟಬೇಕಾಗುತ್ತದೆ.