ಹಿರಿಯರ ಮೌನ: ವೈರಾಗ್ಯವೇ, ಬಿ12 ಕೊರತೆಯೇ?

ದಿನವೂ ಬಸದಿಗೆ ಹೋಗುತ್ತಿದ್ದ ಹಿರಿಯರು ಕ್ರಮೇಣ ಮನೆಯಲ್ಲೇ ಉಳಿಯುತ್ತಾರೆ. ಮಾತು ಕಡಿಮೆಯಾಗುತ್ತದೆ, ಊಟ ಬೇಡವೆನ್ನುತ್ತಾರೆ, ಸ್ವಾಧ್ಯಾಯದಲ್ಲಿ ಮನಸ್ಸು ನಿಲ್ಲುವುದಿಲ್ಲ. ಮನೆಯವರು ಇದನ್ನು ವಯಸ್ಸಿನ ಗುಣವೆಂದೋ ವೈರಾಗ್ಯವೆಂದೋ ತಿಳಿದು ಸುಮ್ಮನಾಗುವುದುಂಟು. ಆದರೆ ಇವು ಖಿನ್ನತೆಯ ಲಕ್ಷಣಗಳೂ ಆಗಿರಬಹುದು. ಒಂಟಿತನ, ಅಗಲಿಕೆ, ಕಾಯಿಲೆ ಹೀಗೆ ಖಿನ್ನತೆಗೆ ಹಲವು ಕಾರಣಗಳಿವೆ. ಅದರ ಜೊತೆಗೆ ಸಸ್ಯಾಹಾರಿ ಕುಟುಂಬಗಳು ಗಮನಿಸಬೇಕಾದದ್ದು ವಿಟಮಿನ್ ಬಿ12 ಕೊರತೆ.

ನರಗಳಿಗೂ ರಕ್ತಕ್ಕೂ ಅಗತ್ಯವಾದ ಈ ವಿಟಮಿನ್ ಧಾನ್ಯ, ಬೇಳೆ, ತರಕಾರಿಗಳಲ್ಲಿ ಸಿಗುವುದಿಲ್ಲ. ನಮಗೆ ಮುಖ್ಯ ಮೂಲ ಹಾಲು, ಮೊಸರು, ಪನೀರ್. ವಯಸ್ಕರಿಗೆ ದಿನಕ್ಕೆ ಬೇಕಾದದ್ದು ಸುಮಾರು 2.4 ಮೈಕ್ರೊಗ್ರಾಂ, ಒಂದು ದೊಡ್ಡ ಲೋಟ ಹಾಲಿನಲ್ಲಿ ಅದರ ಅರ್ಧದಷ್ಟು ಇರುತ್ತದೆ. ವಯಸ್ಸಾದಂತೆ ಹಲವರಲ್ಲಿ ಜಠರದ ಆಮ್ಲ ಕಡಿಮೆಯಾಗಿ, ಆಹಾರದಲ್ಲಿರುವ ಬಿ12 ದೇಹಕ್ಕೆ ಸರಿಯಾಗಿ ದಕ್ಕುವುದಿಲ್ಲ. ಸಕ್ಕರೆ ಕಾಯಿಲೆಗೆ ಮೆಟ್‌ಫಾರ್ಮಿನ್ ಅಥವಾ ಆಸಿಡಿಟಿ ಮಾತ್ರೆಯನ್ನು ವರ್ಷಗಟ್ಟಲೆ ಸೇವಿಸುವವರಲ್ಲಿ ಕೊರತೆಯ ಸಾಧ್ಯತೆ ಇನ್ನೂ ಹೆಚ್ಚು.

ಯಕೃತ್ತಿನಲ್ಲಿ ಬಿ12 ಸಂಗ್ರಹವಿರುವುದರಿಂದ ದಶಲಕ್ಷಣ ಪರ್ವದ ಕೆಲವು ದಿನಗಳ ಉಪವಾಸದಿಂದ ಕೊರತೆ ಬರುವುದಿಲ್ಲ. ಆದರೆ ರಸತ್ಯಾಗದ ನಿಯಮದಿಂದ ಹಾಲು, ಮೊಸರನ್ನು ದೀರ್ಘಕಾಲ ಬಿಟ್ಟವರು, ವರ್ಷಗಳಿಂದ ಏಕಭುಕ್ತದಲ್ಲಿ ಅಲ್ಪ ಆಹಾರ ಸೇವಿಸುವವರು ಎಚ್ಚರದಿಂದಿರಬೇಕು.

ಕಾಲು ಜೋಮು ಹಿಡಿಯುವುದು, ನಡಿಗೆಯಲ್ಲಿ ತೂರಾಟ, ನಾಲಿಗೆ ಉರಿ, ಮರೆವು, ಸುಸ್ತು ಕಂಡರೆ ವೈದ್ಯರನ್ನು ಕಂಡು ರಕ್ತಪರೀಕ್ಷೆ ಮಾಡಿಸಿ. ಔಷಧಿಯ ಬಿ12 ಅನ್ನು ಬ್ಯಾಕ್ಟೀರಿಯಾಗಳ ಮೂಲಕ ತಯಾರಿಸುತ್ತಾರೆ, ಪ್ರಾಣಿಗಳಿಂದಲ್ಲ. ಆದರೆ ಹಲವು ಕ್ಯಾಪ್ಸೂಲ್‌ಗಳ ಹೊರಕವಚ ಪ್ರಾಣಿಜನ್ಯ ಜೆಲಟಿನ್‌ನದು. ಆದ್ದರಿಂದ ಕ್ಯಾಪ್ಸೂಲ್ ಬದಲು ಮಾತ್ರೆ ಕೊಡುವಂತೆ ವೈದ್ಯರನ್ನು ಕೇಳಿ. ಪರೀಕ್ಷೆ ಮಾಡಿಸದೆ ಬರೀ ಫೋಲಿಕ್ ಆಸಿಡ್ ಮಾತ್ರೆ ನುಂಗುವುದು ಸರಿಯಲ್ಲ. ಅದು ರಕ್ತಹೀನತೆಯನ್ನು ಸರಿಪಡಿಸಿ ನರದ ತೊಂದರೆಯನ್ನು ಮರೆಮಾಚಬಹುದು.

ಸೂರ್ಯಾಸ್ತಕ್ಕೆ ಮೊದಲಿನ ಊಟ ಕೇವಲ ಗಂಜಿಯಾಗದಿರಲಿ. ಹಲ್ಲಿಲ್ಲದವರಿಗೆ ಮೆತ್ತಗೆ ಬೇಯಿಸಿದ ಹೆಸರುಬೇಳೆ, ತೊಗರಿಬೇಳೆ ಕೊಡಿ. ಜೊತೆಯಲ್ಲಿ ಕುಳಿತು ಊಟ ಮಾಡಿ. ಒಬ್ಬರೇ ಉಣ್ಣುವಾಗ ಹಿರಿಯರ ತುತ್ತು ಕಡಿಮೆಯಾಗುತ್ತದೆ.

ಬೇಸರ ಎರಡು ವಾರ ಮೀರಿದರೆ ಆಹಾರವೊಂದನ್ನೇ ನಂಬಬೇಡಿ, ಮನೋವೈದ್ಯರ ಸಲಹೆಯೂ ಬೇಕು. ಸಾಯುವ ಮಾತು ಬಂದರೆ ತಡಮಾಡಬೇಡಿ. ಸರ್ಕಾರದ ಟೆಲಿ ಮಾನಸ್ ಉಚಿತ ಸಹಾಯವಾಣಿ 14416ರಲ್ಲಿ ಕನ್ನಡದಲ್ಲೂ ಮಾತನಾಡಬಹುದು.

ಷೋಡಶಕಾರಣ ಭಾವನೆಗಳಲ್ಲಿ ತಪವನ್ನು ಹೇಳಿರುವುದೇ ಶಕ್ತಿಗೆ ಅನುಗುಣವಾಗಿ ಎಂದು. ಹಿರಿಯರು ವ್ರತ ಹಿಡಿಯುವ ಮೊದಲು ಅವರ ಶಕ್ತಿ ಎಷ್ಟಿದೆಯೆಂದು ಮನೆಯವರು ತಿಳಿದುಕೊಂಡಿರಬೇಕು.