ಸರ್ಪಸುತ್ತು: ಲೇಪದ ಮಿತಿ, ಮೊದಲ ಮೂರು ದಿನಗಳ ಮಹತ್ತ್ವ

ನಮ್ಮ ನಾಡಿನಲ್ಲಿ ‘ಸರ್ಪಸುತ್ತು’ ಎಂದು ಕರೆಯಲ್ಪಡುವ ಬೇನೆಯ ಹೆಸರು ಕೇಳಿದೊಡನೆಯೇ ಮನೆಮಂದಿಯೆಲ್ಲ ಕಳವಳಗೊಳ್ಳುವುದುಂಟು. ಸೊಂಟದ ಒಂದು ಬದಿಯಲ್ಲೋ ಎದೆಯ ಪಕ್ಕದಲ್ಲೋ ಮುಖದ ಅರ್ಧಭಾಗದಲ್ಲೋ ಉರಿಯೆದ್ದು, ಕೆಂಪಾದ ಚರ್ಮದ ಮೇಲೆ ನೀರುಗುಳ್ಳೆಗಳು ಗೊಂಚಲುಗೊಂಚಲಾಗಿ ಮೂಡಿ ಪಟ್ಟಿಯಂತೆ ಹಬ್ಬುವ ಈ ಬೇನೆಯನ್ನು ಆಧುನಿಕ ವೈದ್ಯರು ‘ಹರ್ಪಿಸ್ ಜೋಸ್ಟರ್’ ಎನ್ನುತ್ತಾರೆ. ಹೆಸರುಗಳ ಸಾಮ್ಯ ಗಮನಾರ್ಹವಾದುದು. ಗ್ರೀಕ್ ಭಾಷೆಯಲ್ಲಿ ಮೊದಲನೆಯ ಪದದ ಮೂಲಾರ್ಥ ತೆವಳುವುದು, ಎರಡನೆಯದು ನಡುಪಟ್ಟಿ. ಸಂಸ್ಕೃತದ ‘ಸೃಪ್’ ಧಾತುವಿಗೂ ಅದೇ ಅರ್ಥ. ‘ಸರ್ಪ’ವೂ ಆಯುರ್ವೇದದ ‘ವಿಸರ್ಪ’ವೂ ಅದರಿಂದಲೇ ಹುಟ್ಟಿದವು. ದೂರದ ಎರಡು ನಾಡುಗಳ ಜನ ಒಂದೇ ಬಗೆಯ ನೋವನ್ನು ಕಂಡು ಒಂದೇ ಬಗೆಯ ಹೆಸರಿಟ್ಟರು. ಆದರೆ ಹೆಸರಿನಲ್ಲಿ ಸರ್ಪವಿದ್ದ ಮಾತ್ರಕ್ಕೆ ಬೇನೆಯಲ್ಲಿ ಸರ್ಪದೋಷವಿಲ್ಲ ಎಂಬುದನ್ನು ಓದುಗರು ಮೊದಲು ಮನಗಾಣಬೇಕು.

ಬೇನೆಯ ಮೂಲ

ಬಾಲ್ಯದಲ್ಲಿ ಸೀತಾಳ ಸಿಡುಬು, ಅಂದರೆ ನಮ್ಮ ತಾಯಂದಿರು ‘ಅಮ್ಮ’ ಎಂದು ಕರೆಯುವ ಬೇನೆ, ಬಂದು ಹೋದ ಮೇಲೆ ಅದರ ವೈರಾಣು ದೇಹವನ್ನು ಬಿಟ್ಟು ಹೋಗುವುದಿಲ್ಲ. ಬೆನ್ನುಹುರಿಯ ಪಕ್ಕದ ನರಗಳ ಬುಡದಲ್ಲಿ ಹತ್ತಾರು ವರ್ಷ ಮಲಗಿರುತ್ತದೆ. ವೃದ್ಧಾಪ್ಯ, ಸಕ್ಕರೆ ಕಾಯಿಲೆ, ಕ್ಯಾನ್ಸರ್ ಚಿಕಿತ್ಸೆ ಮೊದಲಾದವುಗಳಿಂದ ದೇಹದ ರೋಗನಿರೋಧಕ ಶಕ್ತಿ ಕುಂದಿದಾಗ ಎಚ್ಚೆತ್ತು, ಒಂದು ನರದ ಗುಂಟ ಚರ್ಮಕ್ಕೆ ಬರುತ್ತದೆ. ಆ ನರದ ಸೀಮೆ ದೇಹದ ನಡುಗೆರೆಯಲ್ಲಿ ಮುಗಿಯುವುದರಿಂದ ಗುಳ್ಳೆಗಳು ಸಾಮಾನ್ಯವಾಗಿ ಒಂದೇ ಬದಿಗೆ ನಿಲ್ಲುತ್ತವೆ. ‘ಹಾವಿನ ತಲೆಗೂ ಬಾಲಕ್ಕೂ ಸೇರಿದರೆ ಪ್ರಾಣ ಉಳಿಯದು’ ಎಂಬ ಭೀತಿಗೆ ಆಧಾರವಿಲ್ಲ. ಎಲ್ಲೋ ಅಪರೂಪಕ್ಕೆ ಗುಳ್ಳೆಗಳು ಎರಡೂ ಬದಿಗೆ ಅಥವಾ ಮೈತುಂಬ ಹರಡಿದರೆ, ಅದು ರೋಗನಿರೋಧಕ ಶಕ್ತಿ ತೀರ ಕುಗ್ಗಿರುವುದರ ಸೂಚನೆ. ಆಗ ತಡಮಾಡದೆ ಆಸ್ಪತ್ರೆಗೆ ಸೇರಬೇಕು.

ಪ್ರಾಚೀನರ ಎಚ್ಚರಿಕೆ

ಚರಕಸಂಹಿತೆಯ ಚಿಕಿತ್ಸಾಸ್ಥಾನದ 21ನೆಯ ಅಧ್ಯಾಯ ವಿಸರ್ಪಕ್ಕೆ ಮೀಸಲಾಗಿದೆ. ವಿಸರ್ಪವೆಂಬುದು ಹಲವು ಬಗೆಯ ಹರಡುವ ಬೇನೆಗಳ ಹೆಸರು. ಇಂದಿನ ಆಯುರ್ವೇದ ವೈದ್ಯರು ಸರ್ಪಸುತ್ತನ್ನು ಆ ವರ್ಗದಲ್ಲಿ ಎಣಿಸುವುದುಂಟು. ಆಲದ ಎಳೆಯ ಬಿಳಲು, ಬಾಳೆಯ ದಿಂಡಿನ ತಿರುಳು, ತಾವರೆಯ ದಂಟಿನ ಗೆಣ್ಣು ಇವುಗಳನ್ನು ಅರೆದು ಶತಧೌತಘೃತದಲ್ಲಿ ಕಲಸಿದ ಲೇಪವನ್ನು ಅಲ್ಲಿ ಹೇಳಿದೆ. ಶತಧೌತಘೃತವೆಂದರೆ ನೀರಿನಲ್ಲಿ ನೂರು ಸಲ ತೊಳೆದು ಬೆಣ್ಣೆಯಂತೆ ಬೆಳ್ಳಗಾದ ತುಪ್ಪ. ಈ ದ್ರವ್ಯಗಳೆಲ್ಲ ಉರಿಯನ್ನು ತಣಿಸುವಂಥವು. ಆದರೆ ಅದೇ ಅಧ್ಯಾಯದ ಆರಂಭದಲ್ಲಿಯೇ ಶಿಷ್ಯನು ಗುರುವಿನ ಮುಂದೆ ಈ ರೋಗವನ್ನು ಹಾವಿನ ವಿಷಕ್ಕೆ ಹೋಲಿಸಿ, ತ್ವರಿತವಾಗಿ ಉಪಚರಿಸದವರು ಬೇಗನೆ ನಾಶವಾಗುತ್ತಾರೆಂದು ಹೇಳುತ್ತಾನೆ. ಲೇಪವನ್ನು ನೆನಪಿಟ್ಟುಕೊಂಡ ನಾವು ಆ ತ್ವರೆಯನ್ನು ಮರೆತಿದ್ದೇವೆ.

ಗಿಡಮೂಲಿಕೆಯ ಸ್ಥಾನ

ನಮ್ಮ ಮನೆಗಳಲ್ಲಿ ಗರಿಕೆಯ ರಸ, ಶ್ರೀಗಂಧ, ಲಾವಂಚ, ಲೋಳೆಸರ, ಕೆಮ್ಮಣ್ಣು ಇವುಗಳ ಲೇಪ ರೂಢಿಯಲ್ಲಿದೆ. ಕೆಲವೆಡೆ ಗುಳ್ಳೆಗಳ ಸುತ್ತ ಕೆಮ್ಮಣ್ಣಿನಿಂದ ಹಾವಿನ ಚಿತ್ರ ಬರೆಸುವುದೂ ಉಂಟು. ಇವುಗಳಿಂದ ಗುಣವಾಯಿತೆಂದು ಹೇಳುವವರು ಸುಳ್ಳಾಡುತ್ತಿಲ್ಲ. ಗುಳ್ಳೆಗಳು 7ರಿಂದ 10 ದಿನಗಳಲ್ಲಿ ತಾವಾಗಿಯೇ ಒಣಗಿ ಹಕ್ಕಳೆಗಟ್ಟುತ್ತವೆ. ಎರಡರಿಂದ ನಾಲ್ಕು ವಾರಗಳಲ್ಲಿ ಚರ್ಮ ಮಾಯುತ್ತದೆ. ಆ ಕೀರ್ತಿ ಲೇಪಕ್ಕೆ ಸಲ್ಲುತ್ತದೆ. ಆದರೆ ಲೇಪ ಮುಟ್ಟುವುದು ಚರ್ಮವನ್ನು. ಬೇನೆ ಇರುವುದು ನರದಲ್ಲಿ.

ಆದುದರಿಂದ ಗೃಹಿಣಿಯರು ಈ ವಿವೇಕವನ್ನು ಪಾಲಿಸಬೇಕು. ಕುದಿಸಿ ಆರಿಸಿದ ನೀರಿನಲ್ಲಿ ಅದ್ದಿ ಹಿಂಡಿದ ಶುಭ್ರವಾದ ಹತ್ತಿಬಟ್ಟೆಯನ್ನು ಆಗಾಗ ಇಡುವುದು ಹಿತಕರ. ಗುಳ್ಳೆ ಒಡೆಯದ ಚರ್ಮದ ಮೇಲೆ ಗಂಧವನ್ನೋ ಲೋಳೆಸರದ ತಿರುಳನ್ನೋ ತೆಳುವಾಗಿ ಹಚ್ಚಿದರೆ ಉರಿಗೆ ಕೊಂಚ ಶಮನ ದೊರೆಯಬಹುದು. ಒಡೆದ ಗುಳ್ಳೆಗೆ ಮಣ್ಣು, ಸಗಣಿ, ಬೂದಿ ಯಾವುದನ್ನೂ ಸೋಕಿಸಬಾರದು. ಕೀವು ತುಂಬುವ, ಧನುರ್ವಾಯು ತಗಲುವ ಅಪಾಯವಿದೆ. ಹಸಿ ಬೆಳ್ಳುಳ್ಳಿಯೂ ಎಕ್ಕದ ಹಾಲೂ ಚರ್ಮವನ್ನು ಸುಡುತ್ತವೆ. ಕಣ್ಣಿನ ಸಮೀಪ ಯಾವ ಲೇಪವೂ ಸಲ್ಲದು.

ಎಪ್ಪತ್ತೆರಡು ಗಂಟೆಗಳು

ಗುಳ್ಳೆ ಕಾಣಿಸಿದ 72 ಗಂಟೆಗಳೊಳಗೆ ಅಸೈಕ್ಲೊವಿರ್ ಅಥವಾ ಅದೇ ವರ್ಗದ ಮಾತ್ರೆಯನ್ನು ಆರಂಭಿಸಿದರೆ ವೈರಾಣುವಿನ ವೃದ್ಧಿ ತಗ್ಗಿ, ಗುಳ್ಳೆಗಳು ಬೇಗ ಒಣಗಿ, ನೋವಿನ ತೀವ್ರತೆ ಇಳಿಯುತ್ತದೆ. ಈ ಔಷಧದ ಶೋಧದಲ್ಲಿ ಪ್ರಮುಖ ಪಾತ್ರ ವಹಿಸಿದ ವಿಜ್ಞಾನಿ ಗರ್ಟ್ರೂಡ್ ಎಲಿಯನ್ 1988ರಲ್ಲಿ ನೊಬೆಲ್ ಪಾರಿತೋಷಕದಲ್ಲಿ ಪಾಲು ಪಡೆದರು. ಮೂತ್ರಪಿಂಡದ ತೊಂದರೆಯುಳ್ಳವರಿಗೆ ಪ್ರಮಾಣವನ್ನು ತಗ್ಗಿಸಬೇಕಾಗುವುದರಿಂದ ಅದನ್ನು ವೈದ್ಯರಿಗೆ ಮೊದಲೇ ತಿಳಿಸತಕ್ಕದ್ದು. ಮೂರು ದಿನ ಕಳೆದವೆಂದು ಕೈಚೆಲ್ಲದೆ ಆಗಲೂ ವೈದ್ಯರನ್ನು ಕಾಣಬೇಕು.

ಹಣೆ, ಕಣ್ಣರೆಪ್ಪೆ ಅಥವಾ ಮೂಗಿನ ತುದಿಯಲ್ಲಿ ಗುಳ್ಳೆ ಮೂಡಿದರೆ ಅದೇ ದಿನವೇ ಕಣ್ಣಿನ ವೈದ್ಯರಲ್ಲಿಗೆ ಹೋಗಬೇಕು. ಮೂಗಿನ ತುದಿಗೂ ಕಣ್ಣಿಗೂ ಒಂದೇ ನರದ ಶಾಖೆ ಹೋಗುತ್ತದೆ. ಅಲಕ್ಷ್ಯದಿಂದ ದೃಷ್ಟಿಯೇ ಹೋಗಬಹುದು.

ಉಳಿಯುವ ನೋವು

ಚರ್ಮ ಮಾಯ್ದ ಮೇಲೂ ತಿಂಗಳುಗಟ್ಟಲೆ, ಕೆಲವರಲ್ಲಿ ವರ್ಷಗಟ್ಟಲೆ ಉಳಿಯುವ ನರದ ನೋವು ಹಿರಿಯರನ್ನು ಅತಿಯಾಗಿ ಬಾಧಿಸುತ್ತದೆ. ಉಟ್ಟ ಬಟ್ಟೆ ಸೋಕಿದರೂ ಬೆಂಕಿ ತಾಗಿದಂತಾಗುವ ಈ ಅವಸ್ಥೆಯಲ್ಲಿ ‘ಹುಣ್ಣು ಮಾಯ್ದಿದೆಯಲ್ಲ, ಇನ್ನೇಕೆ ನರಳುವುದು?’ ಎಂದು ಮನೆಯವರು ಗದರಬಾರದು. ಆ ನೋವು ನಿಜ. ಇಲ್ಲಿ ಸಸ್ಯವೊಂದು ನಿಜವಾಗಿ ನೆರವಿಗೆ ಬಂದಿದೆ: ಮೆಣಸಿನಕಾಯಿಯ ಖಾರದ ಸತ್ತ್ವವಾದ ಕ್ಯಾಪ್ಸೈಸಿನ್ ಸೇರಿದ ಮುಲಾಮು ನೋವಿನ ನರತುದಿಗಳನ್ನು ಮಂದಗೊಳಿಸುತ್ತದೆ. ಆದರೆ ಅದನ್ನು ಪೂರ್ಣ ಮಾಯ್ದ ಚರ್ಮಕ್ಕೆ, ವೈದ್ಯರ ಸೂಚನೆಯಂತೆ ಮಾತ್ರ ಹಚ್ಚತಕ್ಕದ್ದು. ಅಡುಗೆಮನೆಯ ಮೆಣಸಿನಕಾಯಿಯನ್ನು ಅರೆದು ಹಚ್ಚುವುದು ಹಿಂಸೆಯೇ ಸರಿ.

ಮನೆಯವರ ಕರ್ತವ್ಯ

ಸರ್ಪಸುತ್ತು ಒಬ್ಬರಿಂದ ಒಬ್ಬರಿಗೆ ಸರ್ಪಸುತ್ತಾಗಿ ಅಂಟುವುದಿಲ್ಲ. ಆದರೆ ಗುಳ್ಳೆಯ ನೀರು ತಗಲಿದರೆ, ಸೀತಾಳ ಸಿಡುಬು ಬಾರದಿದ್ದವರಿಗೆ ಹಾಗೂ ಅದರ ಲಸಿಕೆ ಹಾಕಿಸಿಕೊಳ್ಳದವರಿಗೆ ಆ ಸಿಡುಬು ಬರಬಹುದು. ಹಕ್ಕಳೆಗಟ್ಟುವವರೆಗೆ ಗಾಯವನ್ನು ಶುಭ್ರವಾದ ಬಟ್ಟೆಯಿಂದ ಮುಚ್ಚಿ, ಗರ್ಭಿಣಿಯರನ್ನೂ ಹಸುಗೂಸುಗಳನ್ನೂ ದೂರವಿರಿಸಿದರೆ ಸಾಕು. ರೋಗಿಯನ್ನು ಮೂಲೆಗೆ ತಳ್ಳುವ, ತಟ್ಟೆಲೋಟ ಬೇರ್ಪಡಿಸುವ ಅಗತ್ಯವಿಲ್ಲ. ಈ ಬೇನೆಯನ್ನು ತಡೆಯುವ ಲಸಿಕೆಯೂ 2023ರಿಂದ ಭಾರತದಲ್ಲಿ ದೊರೆಯುತ್ತಿದೆ. 50 ವರ್ಷ ದಾಟಿದವರಿಗೆ ಎರಡರಿಂದ ಆರು ತಿಂಗಳ ಅಂತರದಲ್ಲಿ ಎರಡು ಸಲ ಕೊಡುತ್ತಾರೆ. ಬೆಲೆ ಹೆಚ್ಚಾದರೂ ವೈದ್ಯರೊಡನೆ ವಿಚಾರಿಸುವುದು ಲೇಸು.

ವೃದ್ಧರು ಮಕ್ಕಳಿಗೆ ಹೊರೆಯಾಗಬಾರದೆಂದು ನೋವನ್ನು ಬಚ್ಚಿಡುವುದು ಸಹಜ. ಮೈಯ ಒಂದೇ ಬದಿಯಲ್ಲಿ ಕಾರಣವಿಲ್ಲದೆ ಉರಿ, ಚುಚ್ಚುನೋವು ಕಾಣಿಸಿಕೊಂಡಿತೆಂದು ಅವರು ಹೇಳಿದರೆ, ಆ ಭಾಗವನ್ನು ಬೆಳಕಿನಲ್ಲಿ ದಿನವೂ ನೋಡಿರಿ. ಗುಳ್ಳೆಗಳು ಕೆಲವು ದಿನ ತಡವಾಗಿ ಮೂಡುತ್ತವೆ. ಮೂಡಿದ ದಿನವೇ ವೈದ್ಯರಲ್ಲಿಗೆ ಕರೆದೊಯ್ಯಿರಿ. ಗಂಧವನ್ನು ಬಂದ ಮೇಲೆ ತೇಯಬಹುದು.