ಮುಂಬೈ ಆಕಾಶಕ್ಕೆ ಪುಟ್ಟ ಓರೆಗನ್ನಡಿ

ಮುಂಬೈಯಲ್ಲಿ ಆಕಾಶಗಂಗೆ ಹುಡುಕುವವರಿಗೆ ಸಿಗುವುದು ನಿರಾಸೆಯೇ. ಬೀದಿದೀಪ, ಹೋರ್ಡಿಂಗು, ಕಡಲ ತೇವ, ಕಟ್ಟಡ ಕಾಮಗಾರಿಯ ಧೂಳು ಸೇರಿ ಮಸುಕು ನಕ್ಷತ್ರಗಳನ್ನೆಲ್ಲ ನುಂಗಿಬಿಡುತ್ತವೆ. ಚಂದ್ರ, ಗುರು, ಶನಿಯರ ಮಾತು ಬೇರೆ. 2020ರ ಡಿಸೆಂಬರ್ 21ರಂದು ಗುರು-ಶನಿ ಅಕ್ಕಪಕ್ಕ ಬಂದು ನಿಂತದ್ದನ್ನು ನಗರದ ತಾರಸಿಯಿಂದಲೇ ನೋಡಬಹುದಿತ್ತು. ಹಾಗಾಗಿ ಇಲ್ಲಿ ಕೈಯಾರೆ ದೂರದರ್ಶಕ ಕಟ್ಟುವವರು ಗ್ರಹಗಳ ಮೇಲೆ ಕಣ್ಣಿಡುವುದೇ ಸರಿ.

1668ರಲ್ಲಿ ನ್ಯೂಟನ್ ಮಾಡಿದ ವಿನ್ಯಾಸವೇ ಇಂದಿಗೂ ಹವ್ಯಾಸಿಗಳ ಅಚ್ಚುಮೆಚ್ಚು. ಕೊಳವೆಯ ತಳದ ನಿಮ್ನ ಕನ್ನಡಿ ಬೆಳಕನ್ನು ಲಾಳಿಕೆಯಂತೆ ಕಿರಿದಾಗಿಸುತ್ತ ಮೇಲಕ್ಕೆ ಕಳಿಸುತ್ತದೆ. ಓರೆಯಾಗಿ ಕೂತ ಸಣ್ಣ ಕನ್ನಡಿ ಅದನ್ನು ಪಕ್ಕದ ಐಪೀಸಿಗೆ ತಿರುಗಿಸುತ್ತದೆ. ತೊಂದರೆಯೆಂದರೆ, ಈ ಓರೆಗನ್ನಡಿ ಬೆಳಕಿನ ದಾರಿಯ ನಟ್ಟನಡುವೆಯೇ ಇರುತ್ತದೆ. ಅದು ದೊಡ್ಡದಾದಷ್ಟೂ ಗುರುವಿನ ಪಟ್ಟೆಗಳಂಥ ನವುರು ವಿವರ ಮಂಕಾಗುತ್ತದೆ.

ಇಲ್ಲಿ ನೆರವಿಗೆ ಬರುವುದು ಬಾರ್ಲೋ ಲೆನ್ಸ್. ಇಂಗ್ಲೆಂಡಿನ ಗಣಿತಜ್ಞ ಪೀಟರ್ ಬಾರ್ಲೋ ಹೆಸರಿನ ಈ ನಿಮ್ನ ಮಸೂರ ಬಿಂಬವನ್ನು ಹಿಗ್ಗಿಸುವುದಷ್ಟೇ ಅಲ್ಲ, ಅದು ಮೂಡುವ ಜಾಗವನ್ನೂ ಹೊರಕ್ಕೆ ದೂಡುತ್ತದೆ. ಹಾಗಾಗಿ ಮೂಲ ನಾಭಿಯನ್ನು ಓರೆಗನ್ನಡಿಗೆ ಹತ್ತಿರ ತಂದರೂ ಬಿಂಬ ಐಪೀಸಿಗೆ ಸಿಗುತ್ತದೆ, ಓರೆಗನ್ನಡಿಯೂ ಕಿರಿದಾಗಬಹುದು.

150 ಮಿ.ಮೀ. ವ್ಯಾಸ, 1200 ಮಿ.ಮೀ. ನಾಭಿದೂರದ ಕನ್ನಡಿ ತೆಗೆದುಕೊಳ್ಳೋಣ. ಓರೆಗನ್ನಡಿಯಿಂದ ನಾಭಿಗೆ 180 ಮಿ.ಮೀ. ಇದ್ದರೆ ಅಲ್ಲಿ ಬೆಳಕಿನ ಅಗಲ 22.5 ಮಿ.ಮೀ.; ಸುತ್ತಲ ನೋಟಕ್ಕೂ ಜಾಗ ಬಿಟ್ಟರೆ 33 ಮಿ.ಮೀ. ಕನ್ನಡಿ ಬೇಕು. ಐಪೀಸ್ ಹಿಡಿದಿಡುವ ಫೋಕಸರ್ ಬಾಯಲ್ಲೇ ಬಾರ್ಲೋ ಕೂರಿಸಿ ಮೂಲ ನಾಭಿಯನ್ನು 120 ಮಿ.ಮೀ.ಗೆ ಎಳೆದುಕೊಂಡರೆ ಬೆಳಕಿನ ಅಗಲ 15ಕ್ಕಿಳಿಯುತ್ತದೆ, 20 ಮಿ.ಮೀ. ಕನ್ನಡಿ ಸಾಕು. ಅಡ್ಡಿ ವ್ಯಾಸದ ಲೆಕ್ಕದಲ್ಲಿ ಶೇ. 22ರಿಂದ 13ಕ್ಕೆ ಬಂತು.

ಇದೇನೂ ಪವಾಡವಲ್ಲ. ಶೇ. 20ರ ಆಸುಪಾಸಿನ ಅಡ್ಡಿಯೇ ಕಣ್ಣಿಗೆ ಅಷ್ಟು ಕಾಡುವುದಿಲ್ಲ. ದೊಡ್ಡ ಕನ್ನಡಿಯ ಉಜ್ಜುವಿಕೆ ಕೆಟ್ಟಿದ್ದರಂತೂ ಓರೆಗನ್ನಡಿ ಕಿರಿದು ಮಾಡಿ ಫಲವಿಲ್ಲ. ಅಗ್ಗದ ಒಂಟಿ ಮಸೂರದ ಬಾರ್ಲೋ ಬಿಂಬದ ಅಂಚಿಗೆ ಬಣ್ಣ ತುಂಬುತ್ತದೆ. ಪುಟ್ಟ ಕನ್ನಡಿಯನ್ನು ನೇರಕ್ಕೆ ಹೊಂದಿಸುವುದೂ ತಾಳ್ಮೆಯ ಕೆಲಸ. ಮಳೆಗಾಲದ ತೇವಕ್ಕೆ ಮಸೂರದ ಮೇಲೆ ಬೂಸ್ಟು ಹಿಡಿಯುವುದು ಮುಂಬೈಯವರಿಗೆ ಗೊತ್ತಿದ್ದದ್ದೇ. ಸಿಲಿಕಾ ಜೆಲ್ ಹಾಕಿದ ಡಬ್ಬಿಯಲ್ಲಿಡಬೇಕು.

ದೊಡ್ಡ ಬೆಲೆ ತೆರುವುದು ನೋಟದ ಹರವಿನಲ್ಲಿ. ಎರಡು ಪಟ್ಟಿನ ಬಾರ್ಲೋ ಜತೆಗೆ 25 ಮಿ.ಮೀ. ಐಪೀಸ್ ಹಾಕಿದರೂ ವರ್ಧನೆ 96 ಪಟ್ಟು. ಪೂರ್ಣಚಂದ್ರ ಒಳಗೆ ಹಿಡಿಸುವುದೇ ಕಷ್ಟ. ಹವ್ಯಾಸಿ ಆಕಾಶವೀಕ್ಷಕರ ಬಳಗವಾದ ಖಗೋಲ್ ಮಂಡಲದವರಂತೆ ನಗರದಾಚೆಯ ವಾಂಗಣಿಯ ಕತ್ತಲಿಗೆ ಹೋಗಿ, ಮೂರು ಡಿಗ್ರಿ ಚಾಚಿದ ಆಂಡ್ರೊಮಿಡಾ ಗ್ಯಾಲಕ್ಸಿ ನೋಡುವ ಆಸೆಯಿದ್ದವರು 33 ಮಿ.ಮೀ. ಕನ್ನಡಿಯನ್ನೇ ಹಾಕಿಕೊಳ್ಳುವುದು ಮೇಲು.